ರಾಜಧಾನಿಯ ನೆರಳಿನಲ್ಲಿ ಜಾವಗಲ್

ಊರ ಹೆಸರು ಹೇಳಿದೊಡನೆ ಹೊರಗಿನವರು ಕೇಳುವ ಪ್ರಶ್ನೆ ಒಂದೇ: "ಓಹೋ, ಶ್ರೀನಾಥ್ ಅವರ ಊರೇ?" ಟೆಸ್ಟ್ ಕ್ರಿಕೆಟ್ಟಿನಲ್ಲಿ 236 ವಿಕೆಟ್ ಪಡೆದ ಆ ವೇಗದ ಬೌಲರ್ ಹುಟ್ಟಿದ್ದು 1969ರಲ್ಲಿ, ಮೈಸೂರಿನಲ್ಲಿ. ಜಾವಗಲ್ ಅವರ ಹೆಸರಿನ ಮುಂದೆ ನಿಂತ ಊರು. ನಮ್ಮೂರಿನ ಪಾಡೇ ಹಾಗೆ. ಹೆಸರು ಇಲ್ಲಿಯದು, ಬಾಳು ಬೇರೆಡೆಯದು.

ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದವನು ನಾನು. ಒಮ್ಮೆ ಹತ್ತನೆಯ ತರಗತಿಯ ಮಕ್ಕಳನ್ನು ಹಳೇಬೀಡಿಗೆ ಕರೆದೊಯ್ದಿದ್ದೆ. ನಮ್ಮೂರಿನಿಂದ ಅದು ಸುಮಾರು 20 ಕಿಲೋಮೀಟರು. ಹೊಯ್ಸಳೇಶ್ವರ ದೇವಾಲಯವನ್ನು ನೋಡಿ ಹೊರಬಂದು ಬುತ್ತಿ ಬಿಚ್ಚಿದಾಗ ಹುಡುಗನೊಬ್ಬ ಕೇಳಿದ: "ಸಾರ್, ಇಷ್ಟು ಹತ್ರ ಇದ್ರೂ ನಮ್ಮೂರು ಯಾಕೆ ರಾಜಧಾನಿ ಆಗ್ಲಿಲ್ಲ?"

"ರಾಜಧಾನಿಗೆ ರಾಗಿ ಬೆಳೆದುಕೊಡೋಕೆ ಯಾರಾದ್ರೂ ಬೇಡವೇನೋ?" ಎಂದೆ. ಮಕ್ಕಳೆಲ್ಲ ನಕ್ಕರು. ಅವನು ನಗಲಿಲ್ಲ.

ನನ್ನ ಉತ್ತರ ಅರ್ಧ ಸತ್ಯವಾಗಿತ್ತು. ಉಳಿದರ್ಧ ನಮ್ಮೂರಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿದೆ. ಹೊಯ್ಸಳ ದೊರೆ ವೀರಸೋಮೇಶ್ವರನ ಕಾಲದಲ್ಲಿ, ಸುಮಾರು 1250ರಲ್ಲಿ, ಬಳಪದ ಕಲ್ಲಿನಲ್ಲಿ ಕಟ್ಟಿದ ತ್ರಿಕೂಟಾಚಲವಿದು. ಗೋಡೆಯ ಬುಡದಲ್ಲಿ ಆನೆ, ಅದರ ಮೇಲೆ ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸಗಳ ಸಾಲುಗಳು. ಇಲ್ಲಿ ಉಳಿ ಹಿಡಿದವರಲ್ಲಿ ಮಲ್ಲಿತಮ್ಮನೂ ಒಬ್ಬ. ನುಗ್ಗೇಹಳ್ಳಿಯಲ್ಲಿಯೂ ಸೋಮನಾಥಪುರದಲ್ಲಿಯೂ ದುಡಿದ ಶಿಲ್ಪಿ ಅವನೇ. ವಿಚಾರ ಮಾಡಿ: ನಾಡಿನ ಶ್ರೇಷ್ಠ ಶಿಲ್ಪಿ ರಾಜಧಾನಿಯಲ್ಲೇ ಬೇರೂರಿ ಕೂಡಲಿಲ್ಲ, ಸಣ್ಣ ಊರುಗಳಿಗೆ ನಡೆದು ಬಂದ.

ಇನ್ನೊಂದು ಸ್ವಾರಸ್ಯವುಂಟು. ಆ ವೇಳೆಗೆ ದೊರೆಯೇ ದೋರಸಮುದ್ರದಲ್ಲಿ ನೆಲೆನಿಂತಿರಲಿಲ್ಲ. ಬಹುಕಾಲ ಶ್ರೀರಂಗದ ಸಮೀಪದ ಕಣ್ಣನೂರಿನಲ್ಲಿದ್ದ. ಆದರೂ ಇಲ್ಲಿ ಗುಡಿ ಕಟ್ಟುವ ಕೆಲಸ ನಿಲ್ಲಲಿಲ್ಲ. ನೆರೆಯ ಹಾರನಹಳ್ಳಿಯಲ್ಲಿ, ಅರಸೀಕೆರೆಯಲ್ಲಿ, ಬೆಳವಾಡಿಯಲ್ಲಿ ಹೊಯ್ಸಳರ ಗುಡಿಗಳೆದ್ದವು. ಗುಡಿಯೆಂದರೆ ಬರೀ ಕಲ್ಲಲ್ಲ. ದತ್ತಿ ಬಿಟ್ಟ ಭೂಮಿ, ಆ ಭೂಮಿಗೆ ನೀರುಣಿಸುವ ಕೆರೆ, ಎಣ್ಣೆ ತರುವ ಗಾಣಿಗ, ಹೂ ಕಟ್ಟುವವರು, ವಾದ್ಯ ನುಡಿಸುವವರು. ಊರಿನ ಬೆಳೆ ರಾಜಧಾನಿಯ ಕಡೆ ಹೋದರೆ, ಹಣವೂ ಕಲೆಯೂ ಅದೇ ದಾರಿಯಲ್ಲಿ ಮರಳಿ ಬರುತ್ತಿದ್ದವು.

ಮುಂದೆ 1311ರಲ್ಲಿ ಮಲಿಕ್ ಕಾಫರನ ಸೇನೆ ದೋರಸಮುದ್ರಕ್ಕೆ ಬಂತು. ದಾಳಿಗಳಿಂದ ತತ್ತರಿಸಿದ ರಾಜ್ಯ ಆ ಶತಮಾನದ ನಡುವಿನ ಹೊತ್ತಿಗೆ ಅಳಿಯಿತು. ರಾಜಧಾನಿಗೆ ಉಳಿದದ್ದು ಹಳೆಯ ಬೀಡು ಎಂಬ ಹೆಸರು. ಎಂಥ ರಾಜಧಾನಿಯೂ ಒಂದು ದಿನ ನಮ್ಮೂರಿನಂಥ ಊರೇ ಆಗಬಲ್ಲದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದವು. ಜಾವಗಲ್ ಆ ಪಟ್ಟಿಯಲ್ಲಿಲ್ಲ.

ಇಂದಿನ ನಮ್ಮ ದೋರಸಮುದ್ರ ಬೆಂಗಳೂರು. ದೂರ ಹೆಚ್ಚಿದೆ, ಆದರೆ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಹತ್ತಿದರೆ ಅರ್ಧ ದಿನವೂ ಬೇಡ. ಮಳೆ ಕೈಕೊಟ್ಟು ರಾಗಿ ಒಣಗಿದರೆ, ತೆಂಗು ಸೊರಗಿದರೆ, ಮನೆಯ ಹುಡುಗ ಚೀಲ ಹೆಗಲಿಗೇರಿಸುತ್ತಾನೆ. ಅವನು ಕಳುಹಿಸುವ ಹಣದಿಂದ ಮನೆಗೆ ತಾರಸಿ ಬೀಳುತ್ತದೆ. ಆ ತಾರಸಿಯ ಕೆಳಗೆ ಮುದುಕರಿಬ್ಬರು ಉಳಿಯುತ್ತಾರೆ. "ಚೆನ್ನಾಗಿ ಓದಿ, ಬೆಂಗಳೂರು ಸೇರಿಕೊಳ್ಳಿ" ಎಂದು ವರ್ಷ ವರ್ಷವೂ ಹೇಳಿದವನು ನಾನೇ. ಹೇಳಬಾರದಿತ್ತು ಎನ್ನಲಾರೆ, ಅನ್ನದ ಪ್ರಶ್ನೆ. ಆದರೆ ಹೋಗುವ ಊರಿನ ಹಿರಿಮೆಯನ್ನು ಹೇಳಿದಷ್ಟು, ಬಿಡುವ ಊರಿನದನ್ನು ಹೇಳಲಿಲ್ಲ.

ಆ ಹುಡುಗ ಈಗ ಬೆಂಗಳೂರಿನಲ್ಲಿ ಕಾರು ಓಡಿಸುತ್ತಾನೆ. ಹೋದ ಯುಗಾದಿಗೆ ಗುಡಿಯ ಬಾಗಿಲಲ್ಲಿ ಮಗಳೊಂದಿಗೆ ಸಿಕ್ಕಿ ಕಾಲಿಗೆರಗಿದ. ಹಳೆಯ ಪ್ರಶ್ನೆಯನ್ನು ನೆನಪಿಸಿದೆ. "ನೀವಿನ್ನೂ ಮರ್ತಿಲ್ವಾ ಸಾರ್?" ಎಂದು ನಾಚಿದ. ಅಂದು ನಕ್ಕದ್ದು ತಪ್ಪಾಯಿತು ಎಂದು ಹೇಳಿ, ಆ ಮಗುವಿನ ಕೈ ಹಿಡಿದು ಗೋಡೆಯ ಬಳಿಗೆ ಹೋದೆ. ಆನೆಗಳನ್ನು ಎಣಿಸುತ್ತಾ ಅವಳು ಮೂಲೆ ತಿರುಗಿದಳು. ತಂದೆಯೂ ಹಿಂದೆಯೇ ಎಣಿಸುತ್ತ ನಡೆದ.