ಪೂರ್‌ಹೌಸ್‌ನಿಂದ ಹತ್ತು ಮಂದಿಯ ಮನೆಗೆ

ವೃದ್ಧಾಶ್ರಮ ಎಂದೊಡನೆ ನಮಗೆ ಅಮೆರಿಕ ನೆನಪಾಗುತ್ತದೆ. ಹೆತ್ತವರನ್ನು ಮನೆಯಿಂದ ಹೊರಗಿಡುವ ಪದ್ಧತಿ ಅಲ್ಲಿಂದಲೇ ಬಂದದ್ದೆಂದು ನಮ್ಮ ವೇದಿಕೆಗಳಲ್ಲಿ ಮತ್ತೆ ಮತ್ತೆ ಹೇಳಲಾಗುತ್ತದೆ. ಭಾಷಣಕ್ಕೆ ಇದು ಅನುಕೂಲವಾದ ಮಾತು. ಆದರೆ ಅದೇ ದೇಶದಲ್ಲಿ ಐದಾರು ಮಂದಿ ವೃದ್ಧರು ಸಾಮಾನ್ಯ ಬೀದಿಯ ಸಾಮಾನ್ಯ ಮನೆಯೊಂದರಲ್ಲಿ, ಒಂದೇ ಅಡುಗೆಮನೆಯ ಊಟ ಉಂಡು ಬದುಕುವ ಪುಟ್ಟ ವಸತಿಗಳು ಸಾವಿರಾರು ಇವೆ. ಅವು ಹುಟ್ಟಿದ್ದು ಹೇಗೆಂದು ಹುಡುಕಿ ಹೊರಟರೆ, ಮಕ್ಕಳ ಕೃತಘ್ನತೆಗಿಂತ ಮೊದಲು ಸರಕಾರದ ಒಂದು ಷರತ್ತು ನಮಗೆ ಎದುರಾಗುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ದಿಕ್ಕಿಲ್ಲದ ವೃದ್ಧರಿಗೆ ಉಳಿದಿದ್ದ ಜಾಗ ಪೂರ್‌ಹೌಸ್. ಹೆಚ್ಚಾಗಿ ಕೌಂಟಿಯ ಆಡಳಿತ, ಅಂದರೆ ಸ್ಥಳೀಯ ಸರಕಾರ, ಅದನ್ನು ನಡೆಸುತ್ತಿತ್ತು. ಅನಾಥ ಮಕ್ಕಳು, ಮಾನಸಿಕ ರೋಗಿಗಳು, ಅಂಗವಿಕಲರು, ಮುದುಕರು ಎಲ್ಲರೂ ಒಂದೇ ಸೂರಿನಡಿ. ಕೈಲಾದವರು ಹೊಲದಲ್ಲಿ ದುಡಿಯಬೇಕಿತ್ತು. ಅಲ್ಲಿನ ಬದುಕು ಹಿತವಾಗಿರಬಾರದೆಂಬುದೇ ನಡೆಸುವವರ ನೀತಿ. ಹಿತವಾದರೆ ಜನ ದುಡಿಯದೆ ಬಂದು ಕೂರುತ್ತಾರೆಂಬ ಭಯ. ಕ್ರಮೇಣ ಮಕ್ಕಳಿಗೆ, ಮಾನಸಿಕ ರೋಗಿಗಳಿಗೆ ಬೇರೆ ಸಂಸ್ಥೆಗಳಾದವು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಅಲ್ಲಿ ಉಳಿದವರು ಬಹುತೇಕ ವೃದ್ಧರೇ.

1929ರ ಆರ್ಥಿಕ ಕುಸಿತದ ನಂತರ, 1935ರ ಆಗಸ್ಟ್ 14ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಾಮಾಜಿಕ ಭದ್ರತಾ ಕಾಯ್ದೆಗೆ ಸಹಿ ಹಾಕಿದರು. ಬಡ ವೃದ್ಧರಿಗೆ ತಿಂಗಳಿಗೆ 30 ಡಾಲರ್‌ವರೆಗಿನ ನೆರವಿನಲ್ಲಿ ಅರ್ಧವನ್ನು ಕೇಂದ್ರ ಸರಕಾರ ಕೊಡುವ ವ್ಯವಸ್ಥೆ ಅದರಲ್ಲಿತ್ತು. ಜತೆಗೆ ಒಂದು ಷರತ್ತು: ಸರಕಾರಿ ಸಂಸ್ಥೆಯಲ್ಲಿ ಇರುವವರಿಗೆ ಈ ಹಣ ಇಲ್ಲ. ಪೂರ್‌ಹೌಸ್‌ಗಳು ತಾವಾಗಿ ಬರಿದಾಗಲಿ ಎಂಬುದು ಉದ್ದೇಶ, ಒಳ್ಳೆಯ ಉದ್ದೇಶವೇ. ಆದರೆ ಎದ್ದು ನಡೆಯಲಾರದವರು ಕೈಯಲ್ಲಿ ಹಣ ಹಿಡಿದು ಎಲ್ಲಿಗೆ ಹೋಗಬೇಕು? ಖಾಲಿ ಕೋಣೆಗಳಿದ್ದ ವಿಧವೆಯರು, ಕೆಲಸ ಕಳೆದುಕೊಂಡ ದಾದಿಯರು ತಮ್ಮ ಮನೆಯ ಬಾಗಿಲು ತೆರೆದರು. ತಿಂಗಳ ಹಣಕ್ಕೆ ಊಟ, ಹಾಸಿಗೆ, ಒಂದಿಷ್ಟು ಆರೈಕೆ. ಖಾಸಗಿ ಪುಟ್ಟ ವಸತಿಗಳು ಹಬ್ಬಿದ್ದು ಹೀಗೆ.

ಮುಂದೆ ಹಣದ ದಾರಿ ಬದಲಾಯಿತು. 1950ರ ತಿದ್ದುಪಡಿ ವೈದ್ಯಕೀಯ ಸಂಸ್ಥೆಗಳಿಗೆ ನೇರ ಪಾವತಿಗೆ ಅವಕಾಶ ಕೊಟ್ಟಿತು. 1965ರಲ್ಲಿ ಮೆಡಿಕೇರ್, ಮೆಡಿಕೈಡ್ ಬಂದವು. ಆಸ್ಪತ್ರೆಯಂಥ ಉದ್ದ ಹಜಾರಗಳ ನರ್ಸಿಂಗ್ ಹೋಮ್‌ಗಳು ಬೆಳೆದವು. ಹೊಸ ಕಟ್ಟಡ ನಿಯಮ ಪಾಲಿಸಲಾಗದ ಸಣ್ಣ ಮನೆಗಳು ಬದಿಗೆ ಸರಿದವು. ಉಳಿದವುಗಳಿಗೆ ಅತಿ ಬಡವರೂ ಮಾನಸಿಕ ಆಸ್ಪತ್ರೆಗಳಿಂದ ಬಿಡುಗಡೆಯಾದವರೂ ಬಂದು ಸೇರಿದರು. ಅಲ್ಲಿ ಹಸಿವು, ಹೊಡೆತ, ಹಣ ಕಬಳಿಕೆ ಎಲ್ಲವೂ ನಡೆದವು. 1989ರಲ್ಲಿ ಕ್ಲಾಡ್ ಪೆಪ್ಪರ್ ಅವರ ಸಂಸದೀಯ ಉಪಸಮಿತಿಯ ವರದಿ ಈ ಮನೆಗಳನ್ನು ರಾಷ್ಟ್ರೀಯ ದುರಂತವೆಂದೇ ಕರೆಯಿತು. ಚಿಕ್ಕದಾದ ಮಾತ್ರಕ್ಕೆ ಮನೆ ದಯಾಳುವಾಗುವುದಿಲ್ಲ. ತಪಾಸಣೆಗೆ ಯಾರೂ ಬಾರದ ಚಿಕ್ಕ ಮನೆಯಲ್ಲಿ ಕ್ರೌರ್ಯವನ್ನು ಬಚ್ಚಿಡುವುದು ಇನ್ನೂ ಸುಲಭ.

ಇದೇ ಕಾಲದಲ್ಲಿ ಆರೆಗಾನ್ ರಾಜ್ಯದಲ್ಲಿ ಬೇರೆಯೇ ಒಂದು ಪ್ರಯತ್ನ ನಡೆದಿತ್ತು. ಕೆರೆನ್ ಬ್ರೌನ್ ವಿಲ್ಸನ್ ಎಂಬವರ ತಾಯಿಗೆ 55ರಲ್ಲೇ ಪಾರ್ಶ್ವವಾಯು ಬಡಿದು ನರ್ಸಿಂಗ್ ಹೋಮ್ ಸೇರಬೇಕಾಯಿತು. ಆ ತಾಯಿ ಬಯಸಿದ್ದು ತನ್ನದೇ ಕೋಣೆ, ಪುಟ್ಟ ಅಡುಗೆಮನೆ, ತಾನೇ ಒಳಗಿನಿಂದ ಹಾಕಿಕೊಳ್ಳಬಹುದಾದ ಚಿಲಕ. 1983ರಲ್ಲಿ ವಿಲ್ಸನ್ ಪೋರ್ಟ್‌ಲೆಂಡ್‌ನಲ್ಲಿ ತೆರೆದ ವಸತಿ 112 ಮನೆಗಳದ್ದು, ಸಣ್ಣದಲ್ಲ. ಆದರೆ ಚಿಲಕ ವೃದ್ಧರ ಕೈಗೆ ಬಂದದ್ದು ದೊಡ್ಡ ಸಂಗತಿ. ಒಬ್ಬ ಮನುಷ್ಯನಿಗೆ ನೆರವು ಬೇಕಾಗಿದೆ ಎಂದ ಮಾತ್ರಕ್ಕೆ ಅವನು ರೋಗಿಯೇ ಆಗಬೇಕಿಲ್ಲ ಎಂಬ ತಿಳಿವು ಅದರಲ್ಲಿತ್ತು. ಅದೇ ರಾಜ್ಯದಲ್ಲಿ ಐದು ಮಂದಿಯವರೆಗೆ ಇರಿಸಿಕೊಳ್ಳುವ ಮನೆಗಳಿಗೆ ಪರವಾನಗಿ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಕಾನೂನು ಆರು ಮಂದಿಯವರೆಗಿನ ವಸತಿಯನ್ನು ಒಂದು ಕುಟುಂಬದ ಮನೆಯಂತೆಯೇ ಕಾಣುತ್ತದೆ. ನಮ್ಮ ಬೀದಿಯಲ್ಲಿ ಬೇಡವೆಂದು ನಗರಸಭೆ ತಡೆಯುವಂತಿಲ್ಲ.

ಈ ಆರು ಮಂದಿಯ ಮನೆಗಳಲ್ಲಿ ಹಲವನ್ನು ನಡೆಸುವವರು ಫಿಲಿಪೀನ್ಸ್‌ನಿಂದ ವಲಸೆ ಬಂದವರು. ಸ್ನಾನ, ಮಾತ್ರೆ, ಅಡುಗೆ, ಬಟ್ಟೆ ಒಗೆಯುವುದು, ನಡುರಾತ್ರಿ ಎದ್ದವರನ್ನು ಶೌಚಕ್ಕೆ ಕರೆದೊಯ್ಯುವುದು, ಎಲ್ಲವೂ ಒಬ್ಬಿಬ್ಬರ ಪಾಲಿಗೆ. ಎಷ್ಟೋ ಕಡೆ ಅವರು ಮಲಗುವುದೂ ಅಲ್ಲೇ. ಕೆಲಸದ ಗಂಟೆ ಎಲ್ಲಿ ಮುಗಿಯುತ್ತದೆ, ರಾತ್ರಿಯ ಎಚ್ಚರಕ್ಕೆ ಕೂಲಿ ಉಂಟೇ ಎಂಬ ವ್ಯಾಜ್ಯ ಅಲ್ಲಿ ಹೊಸದಲ್ಲ. ಬೇರೊಬ್ಬರ ತಾಯಿಯನ್ನು ನೋಡಿಕೊಳ್ಳುವ ಆ ಹೆಂಗಸಿನ ಸ್ವಂತ ತಾಯಿ ಸಮುದ್ರದಾಚೆ ಇರುತ್ತಾಳೆ. ಇನ್ನು ಇಂಥ ವಸತಿಯ ಬಾಡಿಗೆ, ದಿನನಿತ್ಯದ ಆರೈಕೆಗೆ ಮೆಡಿಕೇರ್ ಹಣ ಕೊಡುವುದಿಲ್ಲ. ಉಳ್ಳವರು ತಾವೇ ತೆರುತ್ತಾರೆ. ಮಧ್ಯಮ ವರ್ಗದವರು ಉಳಿತಾಯ ಕರಗುವವರೆಗೆ ತೆರುತ್ತಾರೆ.

2003ರಲ್ಲಿ ಮಿಸಿಸಿಪ್ಪಿ ರಾಜ್ಯದ ಟುಪೆಲೊ ಊರಿನಲ್ಲಿ ನರ್ಸಿಂಗ್ ಹೋಮನ್ನೇ ಒಡೆದು ಹತ್ತು ಹತ್ತು ಮಂದಿಯ ಮನೆಗಳಾಗಿ ಕಟ್ಟಿದರು. ಬಿಲ್ ಥಾಮಸ್ ಎಂಬ ವೈದ್ಯರ ಕಲ್ಪನೆ ಅದು. ಹೆಸರು ಗ್ರೀನ್ ಹೌಸ್. ಪ್ರತಿಯೊಬ್ಬರಿಗೂ ಸ್ವಂತ ಕೋಣೆ, ಎಲ್ಲರೂ ಸೇರಿ ಕೂರುವ ಒಂದು ಊಟದ ಮೇಜು, ಕಣ್ಣೆದುರಿಗೇ ಅಡುಗೆ. ಆರೈಕೆ ಮಾಡುವವರಿಗೆ ಹಳೆಯ ಹುದ್ದೆಯ ಹೆಸರು ಬೇಡವೆಂದು ಥಾಮಸ್ ಆರಿಸಿದ ಪದ ಓದುಗರಿಗೆ ಅಚ್ಚರಿ ತಂದೀತು: ಶಹಬಾಝ್. ಫಾರ್ಸಿಯಲ್ಲಿ ರಾಜಗಿಡುಗ ಎಂದರ್ಥ. ನಮ್ಮ ಮನೆಗಳಲ್ಲಿ ಗಂಡುಮಕ್ಕಳಿಗೆ ಇಡುವ ಈ ಹೆಸರು ಅಮೆರಿಕದ ದಕ್ಷಿಣದ ಊರೊಂದರಲ್ಲಿ ಮುದುಕರಿಗೆ ಅನ್ನ ಬಡಿಸುವವರ ಹುದ್ದೆಯಾಯಿತು. 2020ರ ಕೋವಿಡ್ ಕಾಲದಲ್ಲಿ ಈ ಬಗೆಯ ಸಣ್ಣ ಮನೆಗಳಲ್ಲಿ ಸೋಂಕು, ಸಾವು ಎರಡೂ ದೊಡ್ಡ ನರ್ಸಿಂಗ್ ಹೋಮ್‌ಗಳಿಗಿಂತ ಕಡಿಮೆ ಇದ್ದುದನ್ನು ಸಂಶೋಧಕರು ಗುರುತಿಸಿದರು.

ಟುಪೆಲೊದಲ್ಲಿ ಹತ್ತರ ಲೆಕ್ಕ ಹಾಕಿದ ನಾಲ್ಕು ವರ್ಷಗಳ ಬಳಿಕ, 2007ರಲ್ಲಿ, ನಮ್ಮ ಸಂಸತ್ತು ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯನ್ನು ಅಂಗೀಕರಿಸಿತು. ಪೋಷಿಸದ ಮಕ್ಕಳ ವಿರುದ್ಧ ನ್ಯಾಯ ಮಂಡಳಿಗೆ ಹೋಗುವ ದಾರಿ ತೆರೆದದ್ದು ಅದೇ ಕಾಯ್ದೆ. ಜಿಲ್ಲೆಗೆ ಒಂದರಂತೆ ಬಡ ವೃದ್ಧರಿಗಾಗಿ ರಾಜ್ಯ ಸರಕಾರಗಳು ವೃದ್ಧಾಶ್ರಮ ಸ್ಥಾಪಿಸಬಹುದೆಂದೂ ಅದರ 19ನೆಯ ಕಲಮು ಹೇಳುತ್ತದೆ. ಒಂದೊಂದರಲ್ಲಿ ಕನಿಷ್ಠ 150 ಮಂದಿಗೆ ಜಾಗವಿರಬೇಕಂತೆ.