ಅಂಗಾಂಶದಲ್ಲಿ ಪ್ರಾಸ್ಟೇಟ್ ಕಿಣ್ವವನ್ನು ಗುರುತಿಸುವ ಪ್ರತಿಕಾಯ ಪರೀಕ್ಷೆ

ಪ್ರಾಸ್ಟೇಟ್ ಗ್ರಂಥಿಯು ಪುರುಷರಲ್ಲಿ ಮೂತ್ರಕೋಶದ ಕೆಳಭಾಗದಲ್ಲಿ ಮೂತ್ರನಾಳವನ್ನು ಸುತ್ತುವರಿದಿರುತ್ತದೆ. ಇದರ ಜೀವಕೋಶಗಳು ಪ್ರಾಸ್ಟೇಟಿಕ್ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವವನ್ನು ಹೇರಳವಾಗಿ ಉತ್ಪಾದಿಸುತ್ತವೆ. ಸದರಿ ಕಿಣ್ವಕ್ಕೆ ಅಂಟಿಕೊಳ್ಳುವಂತೆ ತಯಾರಿಸಲಾದ ಪ್ರತಿಕಾಯದ ನೆರವಿನಿಂದ, ರೋಗಿಯ ದೇಹದಿಂದ ತೆಗೆದ ಅಂಗಾಂಶದಲ್ಲಿ ಪ್ರಾಸ್ಟೇಟ್ ಮೂಲದ ಜೀವಕೋಶಗಳಿವೆಯೇ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಬಹುದಾಗಿದೆ. ವರದಿಗಳಲ್ಲಿ ಇದನ್ನು ಪಿ.ಎ.ಪಿ. ಅಥವಾ ಪಿ.ಎಸ್.ಎ.ಪಿ. ಎಂದೂ, ಪರೀಕ್ಷಾ ವಿಧಾನವನ್ನು ಐ.ಎಚ್.ಸಿ., ಅಂದರೆ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂದೂ ನಮೂದಿಸಲಾಗುತ್ತದೆ.

ಇದು ರಕ್ತದ ಪಿ.ಎಸ್.ಎ. ಪರೀಕ್ಷೆಯಲ್ಲ. ಹೆಸರುಗಳ ಹೋಲಿಕೆಯಿಂದ ಅನೇಕರು ಎರಡನ್ನೂ ಒಂದೆಂದೇ ಭಾವಿಸುತ್ತಾರೆ. ರಕ್ತಪರೀಕ್ಷೆಯು ಪ್ರಮಾಣವನ್ನು ಅಂಕಿಯಲ್ಲಿ ತಿಳಿಸುತ್ತದೆ, ಐ.ಎಚ್.ಸಿ. ವರದಿಯಲ್ಲಿ ಅಂತಹ ಅಂಕಿ ಇರುವುದಿಲ್ಲ, ಯಾವ ಜೀವಕೋಶಗಳು ಬಣ್ಣ ತಳೆದಿವೆ ಎಂಬ ವಿವರಣೆ ಇರುತ್ತದೆ.

ಪರೀಕ್ಷೆಯನ್ನು ಯಾವಾಗ ಸೂಚಿಸಲಾಗುತ್ತದೆ

ಆರೋಗ್ಯವಂತ ಪ್ರಾಸ್ಟೇಟ್ ಗ್ರಂಥಿಯೂ ಈ ಪ್ರತಿಕಾಯದಿಂದ ಬಣ್ಣ ತಳೆಯುತ್ತದೆ. ಆದ್ದರಿಂದ 'ಪಿ.ಎ.ಪಿ. ಪಾಸಿಟಿವ್' ಎಂಬ ಮಾತ್ರಕ್ಕೆ ಕ್ಯಾನ್ಸರ್ ಇದೆ ಎಂದರ್ಥವಲ್ಲ. ಗ್ರಂಥಿಯೊಳಗಿನ ಸಂದೇಹಾಸ್ಪದ ಭಾಗದ ನಿರ್ಣಯಕ್ಕೆ ಬೇರೆ ಪ್ರತಿಕಾಯಗಳನ್ನು ಬಳಸಲಾಗುತ್ತದೆ. ಪಿ.ಎ.ಪಿ.ಯ ನಿಜವಾದ ಉಪಯೋಗ ಬೇರೆಡೆ ಇದೆ. ಬೆನ್ನುಮೂಳೆಯಲ್ಲಿ ಅಥವಾ ದುಗ್ಧಗ್ರಂಥಿಯಲ್ಲಿ ಕ್ಯಾನ್ಸರ್ ಕಂಡುಬಂದು ಅದು ಎಲ್ಲಿಂದ ಹರಡಿತೆಂದು ತಿಳಿಯದಿದ್ದಾಗ, ಅಥವಾ ಮೂತ್ರಕೋಶದ ಕುತ್ತಿಗೆಯ ಗಡ್ಡೆಯು ಮೂತ್ರಕೋಶದ್ದೋ ಪ್ರಾಸ್ಟೇಟಿನದೋ ಎಂಬ ಸಂದೇಹ ಉಂಟಾದಾಗ ಇದು ನೆರವಾಗುತ್ತದೆ.

ಚಿಕಿತ್ಸೆಯ ದಾರಿಯೇ ಈ ಉತ್ತರವನ್ನು ಅವಲಂಬಿಸಿರುತ್ತದೆ. ಪುರುಷ ಹಾರ್ಮೋನನ್ನು ತಗ್ಗಿಸಿದಲ್ಲಿ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆಂಬುದನ್ನು ಅಮೆರಿಕದ ಷಿಕಾಗೋದಲ್ಲಿ ಚಾರ್ಲ್ಸ್ ಹಗಿನ್ಸ್ ಅವರು 1941ರಲ್ಲಿ ತೋರಿಸಿಕೊಟ್ಟರು. ಇದಕ್ಕಾಗಿ ಅವರಿಗೆ 1966ರ ನೊಬೆಲ್ ಪ್ರಶಸ್ತಿ ಸಂದಿತು. ರೋಗವು ತಗ್ಗುತ್ತಿರುವುದನ್ನು ಅಳೆಯಲು ಅವರು ಬಳಸಿದ್ದು ರಕ್ತದಲ್ಲಿನ ಆಸಿಡ್ ಫಾಸ್ಫಟೇಸ್ ಪ್ರಮಾಣವನ್ನೇ. ಮುಂದೆ ರಕ್ತಪರೀಕ್ಷೆಯ ಆ ಸ್ಥಾನವನ್ನು ಪಿ.ಎಸ್.ಎ. ಪಡೆದುಕೊಂಡರೂ ಅಂಗಾಂಶ ಪರೀಕ್ಷೆಯಲ್ಲಿ ಹಳೆಯ ಕಿಣ್ವವು ಉಳಿದುಕೊಂಡಿದೆ. ಮೂಲ ತಿಳಿಯದೆ ಹೋದಲ್ಲಿ ರೋಗಿಗೆ ಹಾರ್ಮೋನ್ ಚಿಕಿತ್ಸೆಯ ಪ್ರಯೋಜನವೇ ತಪ್ಪಿಹೋಗಬಹುದು.

ಪರೀಕ್ಷಾ ವಿಧಾನ

ಫಾರ್ಮಲಿನ್‌ನಲ್ಲಿ ಸಂರಕ್ಷಿಸಿದ ಅಂಗಾಂಶವನ್ನು ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ ಬ್ಲಾಕ್ ತಯಾರಿಸಲಾಗುತ್ತದೆ. ಅದರಿಂದ ಸುಮಾರು 4 ಮೈಕ್ರಾನ್ ದಪ್ಪದ ಪದರವನ್ನು ಕತ್ತರಿಸಿ ಗಾಜಿನ ಸ್ಲೈಡಿಗೆ ಅಂಟಿಸಿ, ಮೇಣವನ್ನು ಕರಗಿಸಿ, ಪ್ರತಿಕಾಯವನ್ನು ಹಾಕಲಾಗುತ್ತದೆ. ಫಾರ್ಮಲಿನ್ ಪ್ರೋಟೀನುಗಳನ್ನು ಮರೆಮಾಚುವುದರಿಂದ, ಅಗತ್ಯವಿದ್ದಲ್ಲಿ ಸ್ಲೈಡನ್ನು ಮೊದಲು ಬಿಸಿ ದ್ರಾವಣದಲ್ಲಿ ಇರಿಸಲಾಗುತ್ತದೆ. ಅನಂತರ ಎರಡನೆಯ ಪ್ರತಿಕಾಯ ಹಾಗೂ ವರ್ಣಕಾರಕವನ್ನು ಸೇರಿಸಿದಾಗ ಕಿಣ್ವವಿರುವ ಜೀವಕೋಶಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಕೋಶಕೇಂದ್ರಗಳು ನೀಲಿಯಾಗಿ ಕಾಣುತ್ತವೆ. ಪ್ರತಿ ಬಾರಿಯೂ ಕಿಣ್ವವಿದೆಯೆಂದು ಖಚಿತವಿರುವ ಪ್ರಾಸ್ಟೇಟ್ ಅಂಗಾಂಶವೊಂದನ್ನು ಜೊತೆಯಲ್ಲಿಯೇ ಪರೀಕ್ಷಿಸತಕ್ಕದ್ದು. ಅದು ಬಣ್ಣ ತಳೆಯದಿದ್ದಲ್ಲಿ ರೋಗಿಯ ಸ್ಲೈಡಿನ 'ನೆಗೆಟಿವ್' ಫಲಿತಾಂಶಕ್ಕೆ ಬೆಲೆ ಇರುವುದಿಲ್ಲ.

ಪರೀಕ್ಷೆಯ ಮಿತಿಗಳು

ಗುದನಾಳದ ಕೆಲವು ನ್ಯೂರೋಎಂಡೋಕ್ರೈನ್ ಗಡ್ಡೆಗಳೂ ಪಿ.ಎ.ಪಿ.ಗೆ ಬಣ್ಣ ತಳೆಯುತ್ತವೆ. ಇದಕ್ಕೆ ವ್ಯತಿರಿಕ್ತವಾಗಿ, ತೀವ್ರ ಸ್ವರೂಪದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಕಿಣ್ವವು ಕ್ಷೀಣಿಸಿರಬಹುದು. ಮೂಳೆಯ ಮಾದರಿಯಲ್ಲಿ ಇನ್ನೊಂದು ತೊಡಕಿದೆ: ಸುಣ್ಣದ ಅಂಶವನ್ನು ತೆಗೆಯಲು ಪ್ರಬಲ ಆಮ್ಲವನ್ನು ಬಳಸಿದಲ್ಲಿ ಬಣ್ಣ ಮಂಕಾಗುವ ಅಥವಾ ಬಾರದಿರುವ ಸಂಭವವಿದೆ. ಈ ಕಾರಣಗಳಿಂದ ರೋಗಶಾಸ್ತ್ರಜ್ಞರು ಪಿ.ಎ.ಪಿ.ಯೊಂದನ್ನೇ ನೆಚ್ಚದೆ ಪಿ.ಎಸ್.ಎ., ಎನ್.ಕೆ.ಎಕ್ಸ್. 3.1 ಮುಂತಾದ ಪ್ರತಿಕಾಯಗಳನ್ನೂ ಜೊತೆಗೂಡಿಸುತ್ತಾರೆ. ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ಬರೆದುಕೊಟ್ಟಲ್ಲಿ ಅದನ್ನು ಅನಗತ್ಯ ವೆಚ್ಚವೆಂದು ತಿಳಿಯಬಾರದು.

ಬ್ಲಾಕ್ ಮತ್ತು ದಾಖಲೆಗಳನ್ನು ಪಡೆಯುವುದು

ಬಯಾಪ್ಸಿ ಒಂದು ಊರಿನಲ್ಲಿ, ಐ.ಎಚ್.ಸಿ. ಇನ್ನೊಂದು ಊರಿನಲ್ಲಿ ನಡೆಯುವುದು ಸಾಮಾನ್ಯ. ಅಂತಹ ಸಂದರ್ಭದಲ್ಲಿ ವರದಿಯನ್ನಷ್ಟೇ ಕೊಂಡೊಯ್ದರೆ ಪ್ರಯೋಜನವಾಗದು. ಮೇಣದ ಬ್ಲಾಕ್ ಅವಶ್ಯಕ. ಬ್ಲಾಕ್ ಸುಸ್ಥಿತಿಯಲ್ಲಿದ್ದು ಅದರಲ್ಲಿ ಸಾಕಷ್ಟು ಅಂಗಾಂಶ ಉಳಿದಿದ್ದಲ್ಲಿ ಸಾಮಾನ್ಯವಾಗಿ ಎರಡನೆಯ ಬಾರಿ ಬಯಾಪ್ಸಿ ಮಾಡಿಸುವ ಅಗತ್ಯವಿರುವುದಿಲ್ಲ. ಬಯಾಪ್ಸಿ ಸಂಖ್ಯೆ, ರೋಗಿಯ ಹೆಸರು ಹಾಗೂ ದಿನಾಂಕವನ್ನು ನಮೂದಿಸಿ ಸಂಬಂಧಪಟ್ಟ ಪ್ರಯೋಗಾಲಯಕ್ಕೆ ಲಿಖಿತ ಮನವಿ ಸಲ್ಲಿಸಿ, ಬ್ಲಾಕ್, ಸ್ಲೈಡುಗಳು ಹಾಗೂ ಮೂಲ ವರದಿಯ ಪ್ರತಿಯನ್ನು ಪಡೆಯುವುದು ಸೂಕ್ತ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆ ವಿನಿಯಮಗಳ ಮೇರೆಗೆ, ರೋಗಿ ಅಥವಾ ಅಧಿಕೃತ ಪ್ರತಿನಿಧಿಯು ವೈದ್ಯಕೀಯ ದಾಖಲೆಗಳನ್ನು ಕೋರಿದಲ್ಲಿ ವೈದ್ಯರು ಅವುಗಳನ್ನು 72 ಗಂಟೆಗಳೊಳಗೆ ಒದಗಿಸತಕ್ಕದ್ದು. ಬ್ಲಾಕ್ ಕಾಗದದ ದಾಖಲೆಯಲ್ಲವಾದ್ದರಿಂದ ಮನವಿಯಲ್ಲಿ ಅದನ್ನು ಪ್ರತ್ಯೇಕವಾಗಿ ಕಾಣಿಸಬೇಕು.

ಬ್ಲಾಕನ್ನು ಬಿಸಿಲಿನಲ್ಲಾಗಲಿ, ನಿಲ್ಲಿಸಿದ ವಾಹನದೊಳಗಾಗಲಿ ಇಡಬಾರದು. ಮೇಣ ಕರಗುವ ಸಂಭವವಿದೆ. ಪರೀಕ್ಷೆಯ ನಂತರ ಉಳಿದ ಬ್ಲಾಕನ್ನು ಹಿಂದಕ್ಕೆ ಪಡೆದು, ಅದನ್ನು ನೀಡಿದ ಪ್ರಯೋಗಾಲಯಕ್ಕೆ ಮರಳಿಸಿ ಸ್ವೀಕೃತಿ ಪಡೆಯತಕ್ಕದ್ದು.