ನವೋದಯ ಪ್ರವೇಶ ಪರೀಕ್ಷೆಯ ಗದ್ಯಭಾಗ ಮತ್ತು ಮಂಠಾಳ ಸೀಮೆಯ ಮಕ್ಕಳ ಓದು

ಜವಾಹರ ನವೋದಯ ವಿದ್ಯಾಲಯದ ಆರನೇ ತರಗತಿಗೆ ನಡೆಯುವ ಪ್ರವೇಶ ಪರೀಕ್ಷೆ ಎರಡು ಗಂಟೆಯದು. 80 ಪ್ರಶ್ನೆ, 100 ಅಂಕ. ಅದರಲ್ಲಿ ಭಾಷೆಗೆ 20 ಪ್ರಶ್ನೆ, 25 ಅಂಕ, 30 ನಿಮಿಷ. ವ್ಯಾಕರಣವಿಲ್ಲ, ಪ್ರಬಂಧವಿಲ್ಲ, ನಾಲ್ಕು ಗದ್ಯಭಾಗ, ಒಂದೊಂದರ ಕೆಳಗೆ ಐದು ಪ್ರಶ್ನೆ, ಅಷ್ಟೆ. ಅಂದರೆ ಭಾಷೆಯ ಅಂಕವೆಲ್ಲ ಹಿಂದೆಂದೂ ಕಾಣದ ಬರಹವನ್ನು ಏಳೂವರೆ ನಿಮಿಷದಲ್ಲಿ ಅರ್ಥಮಾಡಿಕೊಳ್ಳುವುದರ ಮೇಲೆ ನಿಂತಿದೆ. ಬೀದರ್ ಜಿಲ್ಲೆಯ ನವೋದಯ ಬಸವಕಲ್ಯಾಣ ತಾಲ್ಲೂಕಿನ ನಾರಾಯಣಪುರದಲ್ಲಿದೆ. ಕನಿಷ್ಠ ಶೇ. 75ರಷ್ಟು ಸ್ಥಾನಗಳು ಗ್ರಾಮೀಣ ಮಕ್ಕಳಿಗೇ ಮೀಸಲು. ಅದೇ ತಾಲ್ಲೂಕಿನ ಹೋಬಳಿ ಊರಾದ ಮಂಠಾಳದ ಪಾಲಕರಿಗೆ ಇದು ದೂರದ ಆಸೆಯಲ್ಲ.

ಈ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮನೆಮಾತುಗಳು. 1948ರವರೆಗೆ ನಿಜಾಮರ ಆಡಳಿತದಲ್ಲಿ ಕಚೇರಿಯೂ ಉನ್ನತ ಶಿಕ್ಷಣವೂ ಉರ್ದುವಿನಲ್ಲಿ ನಡೆದವು. ಕನ್ನಡ ರಾಜ್ಯಕ್ಕೆ ಬೀದರ್ ಸೇರಿದ್ದು 1956ರ ನವೆಂಬರ್ 1ರಂದು. ಕನ್ನಡವೇ ಮನೆಮಾತಾದ ಮಗು ಕೂಡ ಆಡುವುದು ‘ಮಳಿ ಬರಲತ್ತದ’ ಎಂದು, ಪ್ರಶ್ನೆಪತ್ರಿಕೆಯಲ್ಲಿ ಓದುವುದು ‘ಮಳೆ ಬರುತ್ತಿದೆ’ ಎಂದು. ಇಂಥ ಸಣ್ಣ ವ್ಯತ್ಯಾಸವನ್ನು ಮಕ್ಕಳು ಬೇಗ ದಾಟುತ್ತಾರೆ. ದಾಟಲಾರದ್ದು ಬರಹದ ಕನ್ನಡದ ಉದ್ದನೆಯ ವಾಕ್ಯ: ‘ಬರಗಾಲದಲ್ಲಿ ಊರಿಗೆ ನೀರು ಕೊಟ್ಟ ಬಾವಿಯನ್ನು ತೋಡಿಸಿದ ವ್ಯಾಪಾರಿಯ ಮಗ’ ಎಂಬಲ್ಲಿ ನೀರು ಕೊಟ್ಟದ್ದು ಯಾವುದು, ತೋಡಿಸಿದವರು ಯಾರು ಎಂಬುದನ್ನು ಕೊನೆಯ ಪದ ಬರುವವರೆಗೆ ಮನಸ್ಸಿನಲ್ಲಿ ಹಿಡಿದಿರಬೇಕು.

ಹಿಡಿದಿಡುವ ಈ ಶಕ್ತಿ ಅಕ್ಷರ ಬಿಡಿಸುವುದರಲ್ಲೇ ಖರ್ಚಾಗಿಹೋದರೆ ಅರ್ಥಕ್ಕೆ ಏನೂ ಉಳಿಯದು. ಗುಣಿತಾಕ್ಷರ, ಒತ್ತಕ್ಷರಗಳ ಮೇಲಿನ ಪೂರ್ಣ ಹಿಡಿತ ಒಂದೆರಡು ವರ್ಷದಲ್ಲಿ ಬರುವುದಿಲ್ಲ, ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂಬುದನ್ನು ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲಿ ತೋರಿಸಿದರು. ಆದ್ದರಿಂದ ಐದನೇ ತರಗತಿಯಲ್ಲಿ ತಡವರಿಸುವ ಮಗುವನ್ನು ದಡ್ಡನೆಂದು ಬದಿಗೆ ಸರಿಸುವುದು ಅನ್ಯಾಯ. ಅದಕ್ಕೆ ಬೇಕಾದ್ದು ಗಟ್ಟಿಯಾಗಿ, ಮತ್ತೆ ಮತ್ತೆ ಓದುವ ಅವಕಾಶ.

ಸರಾಗವಾಗಿ ಓದಿಯೂ ಅರ್ಥವಾಗದ ಸ್ಥಿತಿಗೆ ಕಾರಣ ಬೇರೆ. 1988ರಲ್ಲಿ ಅಮೆರಿಕದ ರೆಕ್ಟ್ ಮತ್ತು ಲೆಸ್ಲಿ ಬೇಸ್‌ಬಾಲ್ ಆಟದ ಕಥನವೊಂದನ್ನು ಮಕ್ಕಳಿಂದ ಓದಿಸಿದಾಗ, ಆಟ ಬಲ್ಲ ಮಂದ ಓದುಗರು ಆಟ ಅರಿಯದ ಚುರುಕು ಓದುಗರಿಗಿಂತ ಚೆನ್ನಾಗಿ ಗ್ರಹಿಸಿದ್ದರು. ಮಂಠಾಳದ ಹೊಲಗಳ ವಿಷಯದಲ್ಲೇ ಇದನ್ನು ಪರಿಶೀಲಿಸಬಹುದು. ಮಾದರಿಗೆ ಬರೆದ ನಾಲ್ಕು ಸಾಲು ಹೀಗಿವೆ: ‘ಹೆಸರು ಎರಡು ತಿಂಗಳ ಮೇಲೆ ಕೆಲವೇ ದಿನಗಳಲ್ಲಿ ಕೈಗೆ ಬರುತ್ತದೆ. ತೊಗರಿಗೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಮುಂಗಾರು ತಡವಾಗಿ ಬಾಡಿದರೂ ಮುಂದಿನ ಮಳೆಗೆ ಅದು ಚೇತರಿಸಿಕೊಳ್ಳಬಲ್ಲದು. ಮೊದಲಿನದಕ್ಕೆ ಆ ಬಿಡುವಿಲ್ಲ.’ ಪ್ರಶ್ನೆ: ಜುಲೈ ಪೂರ್ತಿ ಮಳೆ ಬಾರದಿದ್ದರೆ ಹೆಚ್ಚು ಹಾನಿ ಯಾವ ಬೆಳೆಗೆ? ‘ತೊಗರಿಗೆ, ಅದಕ್ಕೆ ಹೆಚ್ಚು ಕಾಲ ಬೇಕಾಗುವುದರಿಂದ’ ಎಂಬ ಆಯ್ಕೆಯಲ್ಲಿ ಗದ್ಯಭಾಗದ ಪದಗಳೇ ಇವೆ, ಉತ್ತರ ಮಾತ್ರ ತಪ್ಪು. ಸರಿಯುತ್ತರ ಹೆಸರು, ಅದು ಯಾವ ಸಾಲಿನಲ್ಲೂ ನೇರವಾಗಿಲ್ಲ. ‘ಅದು’ ತೊಗರಿ, ‘ಮೊದಲಿನದು’ ಹೆಸರು ಎಂದು ಜೋಡಿಸಿಕೊಂಡ ಮಗುವಿಗೆ ಅದು ದಕ್ಕುತ್ತದೆ. ಒಕ್ಕಲುತನದ ಮನೆಯ ಮಗು ಈ ಜೋಡಣೆಯನ್ನು ಸಲೀಸಾಗಿ ಮಾಡುತ್ತದೆ. ಅದೇ ಕಟ್ಟಿನ ನಾಲ್ಕು ಸಾಲು ಬಂದರು, ಹಡಗುಗಳ ಮೇಲೆ ಬಂದರೆ ಅದೇ ಮಗು ತಡೆದು ನಿಲ್ಲುತ್ತದೆ.

ಪ್ರಶ್ನೆಯ ಪದವನ್ನು ಗದ್ಯದಲ್ಲಿ ಹುಡುಕಿ ಆ ಸಾಲಿಗೆ ಹತ್ತಿರವಾದ ಆಯ್ಕೆಗೆ ಗುರುತು ಹಾಕುವ ಅಡ್ಡದಾರಿ ಇಲ್ಲೇ ಸೋಲುವುದು. ಹಳೆಯ ಪ್ರಶ್ನೆಪತ್ರಿಕೆಗಳನ್ನು ದಿನಕ್ಕೆ ಹತ್ತರಂತೆ ಬಿಡಿಸಿಸಿದರೂ ಹೆಚ್ಚೇನೂ ಆಗದು. ದಿನಕ್ಕೆ ಒಂದೇ ಗದ್ಯಭಾಗ ತೆಗೆದುಕೊಂಡು ಕೂಡಿ ಚರ್ಚಿಸುವುದೇ ಫಲಕಾರಿ. ಪಾಲಿನ್ಸರ್ ಮತ್ತು ಬ್ರೌನ್ 1984ರಲ್ಲಿ ಮಂಡಿಸಿದ ಪರಸ್ಪರ ಬೋಧನೆಯ ಕ್ರಮದಲ್ಲಿ ಮಕ್ಕಳೇ ಸರದಿಯಂತೆ ಗುರುಗಳಾಗಿ ಸಾರಾಂಶ ಹೇಳುತ್ತಾರೆ, ಪ್ರಶ್ನೆ ಎತ್ತುತ್ತಾರೆ, ತೊಡಕು ಬಿಡಿಸುತ್ತಾರೆ, ಮುಂದೇನೆಂದು ಊಹಿಸುತ್ತಾರೆ. ಬಸವಕಲ್ಯಾಣ ಸೀಮೆಗೆ ಹೊಂದಿಸುವಾಗ ಒಂದು ಮಾತು ಸೇರಿಸಬೇಕು: ಸಾರಾಂಶವನ್ನು ಮಗು ತನ್ನ ಮನೆಮಾತಿನಲ್ಲಿ, ಮರಾಠಿ ಅಥವಾ ಉರ್ದು ಬೆರೆತರೂ ಸರಿ, ಹೇಳಲು ಬಿಡಬೇಕು. ಅರ್ಥ ಆಗಿದೆಯೋ ಇಲ್ಲವೋ ಎಂಬುದು ಆಗಲೇ ಗೊತ್ತಾಗುವುದು. ಶಿಷ್ಟ ಕನ್ನಡದಲ್ಲಿ ಕೇಳಿದರೆ ಮಗು ಗದ್ಯದ ಸಾಲನ್ನೇ ಒಪ್ಪಿಸಿ ಪಾರಾಗುತ್ತದೆ.

ವಿಷಯಜ್ಞಾನಕ್ಕೆ ವರ್ಷಗಟ್ಟಲೆ ಓದು ಬೇಕು. ಪರಿಸರ ಅಧ್ಯಯನ ಪಾಠಗಳನ್ನು ನೋಟ್ಸ್ ಬರೆಸಿ ಮುಗಿಸದೆ ಓದಿಸಿದರೆ ಅರ್ಧ ಕೆಲಸವಾದಂತೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಅಭಿಯಾನದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಸಮುದ್ರ, ಗ್ರಹ, ಪ್ರಾಣಿ, ಚರಿತ್ರೆಯ ಕಿರುಪುಸ್ತಕಗಳನ್ನು ಅಲ್ಲಿಂದ ಮನೆಗೆ ಒಯ್ಯುವ ರೂಢಿಯನ್ನು ಮೂರನೇ ತರಗತಿಯಲ್ಲೇ ಹಚ್ಚಬೇಕು.

ಕಾಲಮಿತಿಯ ಅಭ್ಯಾಸ ಕೊನೆಯ ಕೆಲವು ವಾರಗಳಿಗೆ ಸಾಕು. ಗದ್ಯವನ್ನು ಒಮ್ಮೆ ಪೂರ್ತಿ ಓದಿ, ನಂತರ ಪ್ರಶ್ನೆಗೆ ಹೋಗಿ, ಆರಿಸಿದ ಉತ್ತರಕ್ಕೆ ಆಧಾರವಾದ ಸಾಲನ್ನು ಬೆರಳಿಟ್ಟು ತೋರಿಸುವುದು ರೂಢಿಯಾಗಬೇಕು. ‘ಅಲ್ಲ’, ‘ಹೊರತು’, ‘ಮಾತ್ರ’ ಎಂಬ ಪದಗಳಿಗೆ ಕಣ್ಣು ತಪ್ಪಬಾರದು. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ, ತೊಡಕಿನ ಪ್ರಶ್ನೆಗೆ ಅಲ್ಲವೆಂದು ಖಚಿತವಾದ ಆಯ್ಕೆಗಳನ್ನು ಹೊಡೆದುಹಾಕಿ ಉಳಿದದ್ದಕ್ಕೆ ಗುರುತು ಹಾಕಿ ಮುಂದಿನ ಗದ್ಯಭಾಗಕ್ಕೆ ಹೋಗಬೇಕು.